ನಿಮಗಿದು ಗೊತ್ತೇ? ಕೊಬ್ಬರಿ ಗಿಟುಕು ವಿಮಾನ ಹತ್ತುವಂತಿಲ್ಲ!

ಆಗಸ್ಟ್ ಬಂತೆಂದರೆ ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲ ಮುಂದೆ ಸರಿರಾತ್ರಿಯಲ್ಲಿ ಜಾತ್ರೆ. ಹೊರಟವರು ಒಬ್ಬರು, ಕಳಿಸಿಕೊಡಲು ಬಂದವರು ಒಂದು ಟೆಂಪೊ ಟ್ರಾವೆಲರ್ ತುಂಬ. 2023–24ರ ಸಾಲಿನಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 3,31,602. ಚೀನಾವನ್ನು ಹಿಂದಿಕ್ಕಿ ನಾವು ಮೊದಲ ಸ್ಥಾನಕ್ಕೆ ಬಂದದ್ದು 2009ರ ಬಳಿಕ ಆ ವರ್ಷವೇ. ವೀಸಾ, ಶುಲ್ಕ, ಬ್ಯಾಂಕ್ ಸಾಲಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮನೆಯ ಹೊಸ್ತಿಲಿಂದ ಅಲ್ಲಿಯ ಕೋಣೆಯ ಬಾಗಿಲವರೆಗಿನ ಆ ಒಂದೂವರೆ ದಿನದ ಬಗ್ಗೆ ಹೇಳುವವರು ಕಡಿಮೆ. ಈ ಸಲದ ಅಂಕಣ ಆ ಪ್ರಯಾಣಕ್ಕೆ.

ಸೂಟ್‌ಕೇಸ್ ಕಟ್ಟುವಾಗ

◆ ಒಣಕೊಬ್ಬರಿ ವಿಮಾನದವರ ಲೆಕ್ಕದಲ್ಲಿ ಅಪಾಯಕಾರಿ ಸರಕು! ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸ್ವಂತ ಸಂಖ್ಯೆಯೇ ಇದೆ. ವರ್ಗ 4.2, ಅಂದರೆ ಬೆಂಕಿ ತಾಗಿಸದಿದ್ದರೂ ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಶಾಖ ಹುಟ್ಟುತ್ತದೆ. ರಾಶಿಯೊಳಗೆ ಸಿಕ್ಕಿಕೊಂಡ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಬೆಂಕಿ. ತಿಪಟೂರಿನ ಕೊಬ್ಬರಿ ಮಂಡಿಯವರನ್ನು ಕೇಳಿದರೆ ತೇವ ಉಳಿದ ಮಾಲನ್ನು ಒತ್ತಿ ತುಂಬಬಾರದೆಂದು ಅವರೇ ಹೇಳುತ್ತಾರೆ. ಇಷ್ಟೆಲ್ಲ ಗೊತ್ತಿಲ್ಲದ ಅಜ್ಜಿ ಮೊಮ್ಮಗನ ಸೂಟ್‌ಕೇಸಿನ ಮೂಲೆಗೆ ನಾಲ್ಕು ಗಿಟುಕು ತುರುಕಿರುತ್ತಾರೆ. ಎಕ್ಸ್‌ರೇಯಲ್ಲಿ ಅದು ದುಂಡಗೆ, ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಗನ್ನು ಕೆಳಗಿಳಿಸಿ ತೆರೆಸುತ್ತಾರೆ.

◆ ಸಾರಿನ ಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು: ಇವು ಕೈಚೀಲಕ್ಕೆ ಬೇಡ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್‌ಗಿಂತ ಹೆಚ್ಚಿನ ಯಾವುದೇ ಪುಡಿಗೆ 2018ರ ಜೂನ್ 30ರಿಂದ ಪ್ರತ್ಯೇಕ ತಪಾಸಣೆ ಇದೆ. ಅಧಿಕಾರಿಗೆ ಅನುಮಾನ ತೀರದಿದ್ದರೆ ಪುಡಿ ಅಲ್ಲಿಯೇ ಉಳಿಯುತ್ತದೆ. ದೊಡ್ಡ ಸೂಟ್‌ಕೇಸಿಗೆ ಹಾಕಿದರೆ ಈ ತಂಟೆ ಇಲ್ಲ.

◆ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವ ಬೇಡ ಎಂಬ ನಿಯಮ ಎಲ್ಲಿಂದ ಬಂತು? 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ಅಡಗಿಸಿದ ಸ್ಫೋಟಕದಿಂದ ಉಡಾಯಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಭೇದಿಸಿದರು. ಅದರ ಫಲವನ್ನು ಇಂದಿಗೂ ನಮ್ಮ ಉಪ್ಪಿನಕಾಯಿ ಉಣ್ಣುತ್ತಿದೆ. ಭದ್ರತಾ ಸಿಬ್ಬಂದಿಯ ಕಣ್ಣಿಗೆ ತುಪ್ಪ, ಮೊಸರು, ಗೊಜ್ಜು, ಜೇನು ಎಲ್ಲವೂ ದ್ರವವೇ. ಪುಳಿಯೋಗರೆ ಗೊಜ್ಜು ಗಟ್ಟಿ ಪದಾರ್ಥವೆಂದು ಅವರೆದುರು ವಾದಿಸಿ ಗೆದ್ದವರನ್ನು ನಾನಂತೂ ಕಂಡಿಲ್ಲ.

◆ ಒಂದೇ ಬ್ಯಾಗಿನಲ್ಲಿ 32 ಕಿಲೋಗಿಂತ ಹೆಚ್ಚು ತೂಕಕ್ಕೆ, ಎಷ್ಟು ದುಡ್ಡು ಕೊಡುತ್ತೇನೆಂದರೂ, ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಮಾನಕ್ಕೆ ಭಾರವಾಗುತ್ತದೆ ಎಂದಲ್ಲ. ಅದನ್ನು ಎತ್ತಿ ಹಾಕುವ ಲೋಡರುಗಳ ಸೊಂಟ ಉಳಿಯಬೇಕು. ಅಮೆರಿಕದ ದಾರಿಯಲ್ಲಿ ಸಾಮಾನ್ಯ ದರ್ಜೆಯವರಿಗೆ ಹೆಚ್ಚಿನ ಕಂಪನಿಗಳು ಕೊಡುವುದು ತಲಾ 23 ಕಿಲೋದ ಎರಡು ಬ್ಯಾಗು, ಅದೂ ಟಿಕೆಟ್ಟಿನ ಬಗೆ ನೋಡಿ. ಎರಡೂ ಸೇರಿ 46 ಕಿಲೋ ಇದ್ದರಾಯಿತು ಎಂದುಕೊಂಡವರೇ ಕೌಂಟರಿನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬ್ಯಾಗು ಬಿಚ್ಚುವವರು. ಒಂದು 25.4, ಇನ್ನೊಂದು 20.1. ಜೀನ್ಸಿನ ಮಡಿಕೆಯೊಳಗಿಂದ ರಾಗಿಹಿಟ್ಟಿನ ಪೊಟ್ಟಣ ಹೊರಬರುತ್ತದೆ, ಅದರ ಹಿಂದೆ ಪ್ರೆಶರ್ ಕುಕ್ಕರಿನ ಮುಚ್ಚಳ, ಅದರೊಳಗೆ ಸುತ್ತಿಟ್ಟ ಕಾಲುಚೀಲ. ಸಾಲಿನಲ್ಲಿರುವ ನೂರಾರು ಜನರೆದುರು ಒಂದು ಮನೆಯ ಅಡುಗೆಮನೆ ಬಿಚ್ಚಿಕೊಳ್ಳುವ ಹೊತ್ತು ಅದು. ಒಂದೂ ಕಾಲು ಕಿಲೋ ತೂಗುವ ಜಾಕೆಟನ್ನು ಮೈಮೇಲೆ ಹಾಕಿಕೊಂಡುಬಿಡು ಎಂದು ಹಿಂದಿನಿಂದ ಯಾರೋ ಸಲಹೆ ಕೊಡುತ್ತಾರೆ. ಸಲಹೆ ಸರಿಯಾದದ್ದೇ. ಮೈಮೇಲಿರುವ ಬಟ್ಟೆಯನ್ನು ಯಾರೂ ತೂಗುವುದಿಲ್ಲ.

◆ ಪವರ್ ಬ್ಯಾಂಕ್‌ಗೆ ನಿಯಮ ತಿರುವುಮುರುವು. ಅದು ದೊಡ್ಡ ಬ್ಯಾಗಿಗೆ ಹೋಗಕೂಡದು, ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿ ಕಂಡು ಆರಿಸಬಹುದು. ಸರಕು ಕೋಣೆಯಲ್ಲಿ ಯಾರಿಗೆ ತಿಳಿಯಬೇಕು? ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವಾಟ್-ಅವರ್. ಅಂಗಡಿಯವರ ಭಾಷೆಯಲ್ಲಿ ಸುಮಾರು 27,000 ಎಂಎಎಚ್.

◆ ಧಾರವಾಡ ಪೇಡಕ್ಕೆ ಆಸ್ಟ್ರೇಲಿಯದ ವೀಸಾ ಸಿಗುವುದಿಲ್ಲ. ಕಾಲುಬಾಯಿ ಜ್ವರ ಇರುವ ದೇಶಗಳ ಹಾಲಿನಿಂದ ಮಾಡಿದ ಸಿಹಿಯನ್ನು ಆ ದೇಶ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದೀಪಾವಳಿ ಬಂತೆಂದರೆ ಬರ್ಫಿ, ಪೇಡ, ರಸಗುಲ್ಲ ತರಬೇಡಿ ಎಂದು ಅಲ್ಲಿನ ಇಲಾಖೆ ನೆನಪಿಸುತ್ತದೆ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ದೇಶಗಳೂ ಭಾರತದಿಂದ ಪ್ರಯಾಣಿಕರು ತರುವ ಹಾಲಿನ ಪದಾರ್ಥವನ್ನು ಒಪ್ಪುವುದಿಲ್ಲ. ದಾರಿಯಲ್ಲೇ ತಿಂದು ಮುಗಿಸುವುದು ಜಾಣತನ.

◆ ಇನ್ನು ಕರಿಬೇವು. ಅಮೆರಿಕಕ್ಕೆ ಹಸಿ ಕರಿಬೇವಿನ ಎಲೆ ಒಯ್ಯುವಂತಿಲ್ಲ, ಒಂದು ಕಡ್ಡಿಯೂ ಸಲ್ಲದು. ಕರಿಬೇವು ಕಿತ್ತಳೆ ನಿಂಬೆಗಳ ಕುಲಕ್ಕೇ ಸೇರಿದ ಗಿಡ. ಅದರ ಎಲೆಯ ಮೇಲೆ ಬಾಳುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಕಿತ್ತಳೆ ಗಿಡಗಳಿಗೆ ಮದ್ದಿಲ್ಲದ ರೋಗವೊಂದನ್ನು ಹರಡುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಆ ರೋಗ ಮಕಾಡೆ ಮಲಗಿಸಿದೆ. ಹಾಗಾಗಿ ಒಗ್ಗರಣೆಯ ಮೇಲಿನ ಈ ಕಟ್ಟುನಿಟ್ಟನ್ನು ದಬ್ಬಾಳಿಕೆ ಎನ್ನಲಾಗದು. ನಮ್ಮ ತೋಟಕ್ಕೆ ಹೊರಗಿನ ರೋಗ ಬಂದರೆ ನಾವೂ ಸುಮ್ಮನಿರುತ್ತೇವೆಯೇ?

◆ ತಿನಿಸು ಒಯ್ಯುವುದಕ್ಕಿಂತ ದೊಡ್ಡ ತಪ್ಪು ಒಯ್ದದ್ದನ್ನು ಮುಚ್ಚಿಡುವುದು. ಇಳಿಯುವಾಗ ತುಂಬಿಕೊಡುವ ಕಾರ್ಡಿನಲ್ಲಿ ‘ತಿನ್ನುವ ಪದಾರ್ಥ ಇದೆ’ ಎಂದು ಗುರುತು ಹಾಕಿದರೆ ಆಗುವುದು ಹೆಚ್ಚೆಂದರೆ ಕಸದ ಡಬ್ಬಿಗೆ ಸೇರುವುದು. ಇಲ್ಲ ಎಂದು ಬರೆದು ಸಿಕ್ಕಿಬಿದ್ದರೆ ದಂಡ. ಆಸ್ಟ್ರೇಲಿಯದಲ್ಲಂತೂ ತಪ್ಪು ಗಂಭೀರವಾಗಿದ್ದರೆ ವೀಸಾ ರದ್ದುಮಾಡುವ ಅಧಿಕಾರವೂ ಅಧಿಕಾರಿಗಳಿಗೆ ಇದೆ.

ದೇವನಹಳ್ಳಿಯಿಂದ ಮೇಲಕ್ಕೆ

◆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. 2023ರ ಸೆಪ್ಟೆಂಬರ್‌ನಿಂದ ವಿದೇಶಕ್ಕೆ ಹೋಗುವ ವಿಮಾನಗಳು ಹೊರಡುವುದು ಅಲ್ಲಿಂದ. ಮೈಸೂರಿನ ಕಡೆಯವರಿಗೆ ಒಂದು ಕಿವಿಮಾತು: ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರವಾಗಿ ನಿಲ್ದಾಣದ ಬಾಗಿಲಿಗೇ ಬರುತ್ತದೆ. ಇಡೀ ಮನೆತನ ಬಂದರೂ ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಅಳುವುದಿದ್ದರೆ ಬಾಗಿಲ ಹೊರಗೇ ಮುಗಿಸಬೇಕು.

◆ ಬೆಂಗಳೂರಿನ ತಂಪು ಹವೆಗೆ ನಾವು ಹೆಮ್ಮೆಪಡುತ್ತೇವೆ. ಪೈಲಟ್‌ಗಳು ಮಾತ್ರ ಆ ತಂಪಿಗೆ ಕಾರಣವಾದ ಎತ್ತರದ ಲೆಕ್ಕ ಹಾಕುತ್ತಾರೆ. ನಿಲ್ದಾಣ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಸಿಗುವ ಆಸರೆಯೂ ಎಂಜಿನ್ನಿನ ತ್ರಾಣವೂ ಅಷ್ಟರಮಟ್ಟಿಗೆ ಕುಗ್ಗುತ್ತವೆ. ಹೊಟ್ಟೆ ತುಂಬ ಇಂಧನ ಹೊತ್ತ ವಿಮಾನ ಇಲ್ಲಿಂದ ಏಳಲು ಚೆನ್ನೈಯಂಥ ಕಡಲಂಚಿನ ಊರಿಗಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಅನುಕೂಲವಾಗಿ ಇಲ್ಲಿನ ಎರಡೂ ರನ್‌ವೇಗಳ ಉದ್ದ 4,000 ಮೀಟರ್.

◆ ಎಷ್ಟು ಇಂಧನ? ಬೋಯಿಂಗ್ 777-200ಎಲ್‌ಆರ್ ಎಂಬ ದೂರಗಾಮಿ ವಿಮಾನದ ಟ್ಯಾಂಕುಗಳಲ್ಲಿ 1.8 ಲಕ್ಷ ಲೀಟರ್ ಹಿಡಿಯುತ್ತದೆ. ಅದರಲ್ಲಿ ಒಂದಷ್ಟು ಪಾಲು ಉಳಿದ ಇಂಧನವನ್ನು ಹೊತ್ತೊಯ್ಯುವುದಕ್ಕೇ ಖರ್ಚು.

◆ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಬೆಂಗಳೂರಿಗೆ ಬಂದಿಳಿದದ್ದು 11ರ ನಸುಕಿನಲ್ಲಿ. ಎರಡೂ ಐಟಿ ನಗರಗಳ ನಡುವಿನ ಮೊದಲ ನೇರ ಯಾನ ಅದು. ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆ, ದಾರಿ ಉತ್ತರ ಧ್ರುವದ ಮೇಲೆ. ಕಾಕ್‌ಪಿಟ್‌ನಲ್ಲಿದ್ದವರು ನಾಲ್ವರೂ ಮಹಿಳೆಯರು: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಅದರಲ್ಲಿದ್ದವರಿಗೆ ಜನವರಿ 10 ಎಂಬ ದಿನ ಹೆಚ್ಚುಕಡಿಮೆ ಗಾಳಿಯಲ್ಲೇ ಕಳೆದುಹೋಯಿತು.

◆ ಕ್ಯಾಲಿಫೋರ್ನಿಯ ನಮ್ಮ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ? ಗೋಡೆಯ ಮೇಲಿನ ಭೂಪಟ ನೋಡಿದರೆ ಜಗಳ ಹರಿಯುವುದಿಲ್ಲ. ಒಂದು ಗ್ಲೋಬ್ ತೆಗೆದುಕೊಂಡು ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ದಾರ ಎಳೆದು ಬಿಗಿಮಾಡಿ. ರೇಖಾಂಶದಲ್ಲಿ ಎರಡೂ ಊರು 160 ಡಿಗ್ರಿಯಷ್ಟು ದೂರ, ಭೂಮಿಯ ಎದುರುಬದುರು ಮಗ್ಗುಲಲ್ಲಿವೆ ಎನ್ನಿ. ದಾರ ತಾನಾಗಿಯೇ ಜಾರಿ ಧ್ರುವದ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಹತ್ತಿರದ ದಾರಿ ಉತ್ತರಕ್ಕೆ!

◆ ಧ್ರುವದ ದಾರಿಯಲ್ಲಿ ಹೋಗುವ ಅಮೆರಿಕದ ವಿಮಾನಗಳಲ್ಲಿ ಕಡ್ಡಾಯವಾಗಿ ಇರಬೇಕಾದ ಸಾಮಾನು ಯಾವುದು ಗೊತ್ತೇ? ಕಡುಚಳಿ ತಡೆಯುವ ಎರಡು ದಪ್ಪ ದಿರಿಸು. ಹಿಮದ ನಡುವಿನ ಯಾವುದೋ ನಿಲ್ದಾಣದಲ್ಲಿ ಇಳಿಯಬೇಕಾಗಿ ಬಂದರೆ ಹೊರಗಿಳಿದು ಕೆಲಸ ಮಾಡುವ ಸಿಬ್ಬಂದಿಗೆ ಅವು. ಪ್ರಯಾಣಿಕರಿಗೆ ಕಂಬಳಿಯೇ ಗತಿ.

◆ ಹೊರಗಿನ ಚಳಿ ಸೊನ್ನೆಗಿಂತ 55 ಡಿಗ್ರಿ ಕೆಳಗೆ, ಕೆಲವೊಮ್ಮೆ ಇನ್ನೂ ಕೆಳಗೆ. ಅಮೆರಿಕದಲ್ಲಿ ತುಂಬಿಸುವ ‘ಜೆಟ್ ಎ’ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಉಳಿದ ದೇಶಗಳ ‘ಜೆಟ್ ಎ-1’ ಮೈನಸ್ 47ರವರೆಗೆ ತಡೆಯುತ್ತದೆ. ಆದ್ದರಿಂದ ಪೈಲಟ್‌ಗಳು ಇಂಧನದ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ತೀರಾ ಇಳಿದರೆ ಪರಿಹಾರ ಎರಡು: ಸ್ವಲ್ಪ ಕೆಳಗಿಳಿದು ಬೆಚ್ಚನೆಯ ಗಾಳಿ ಹುಡುಕುವುದು, ಇಲ್ಲವೇ ವೇಗ ಹೆಚ್ಚಿಸಿ ಗಾಳಿಯ ತಿಕ್ಕಾಟದಿಂದಲೇ ರೆಕ್ಕೆ ಕಾಯಿಸಿಕೊಳ್ಳುವುದು.

◆ ಪೂರ್ವದ ಕಡೆ ಹಾರುವ ವಿಮಾನ ಬೇಗ ತಲುಪುವುದು ಜೆಟ್ ಸ್ಟ್ರೀಮ್ ಎಂಬ ಮೇಲುಗಾಳಿಯ ದಯೆಯಿಂದ. ಲಂಡನ್ನಿಗೆ ಹೋಗಲು ಬೇಕಾದ ಹೊತ್ತಿಗಿಂತ ಬೆಂಗಳೂರಿಗೆ ಮರಳಲು ಬೇಕಾದ ಹೊತ್ತು ಸಾಮಾನ್ಯವಾಗಿ ಕಡಿಮೆ. ಈ ಗಾಳಿಯನ್ನು 1920ರ ದಶಕದಲ್ಲೇ ಬಲೂನು ಹಾರಿಬಿಟ್ಟು ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. ಲೋಕಕ್ಕೆಲ್ಲ ತಿಳಿಯಲಿ ಎಂದು ಅವರು ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ಬೆರಳೆಣಿಕೆಯಷ್ಟು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ವಿಮಾನಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದ ಮೇಲೆ ಉಳಿದವರಿಗೆ ಅರಿವಾಯಿತು.

ಹಡಗಿನ ಕಾಲದ ವಿದ್ಯಾರ್ಥಿಗಳು

◆ ಹದಿನೇಳು ಗಂಟೆ ಕೂರುವುದು ಕಷ್ಟ ಎನ್ನುವವರು ಇದನ್ನು ಓದಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಓದಲು ಹೊರಟದ್ದು 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಪಿಎಚ್‌.ಡಿ. ಮುಗಿಸಿ 1953ರಲ್ಲಿ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಮೈಕ್ರೋವೇವ್, ಆಂಟೆನಾ ಅವರ ಕ್ಷೇತ್ರ.

◆ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡ್‌ಗೆ ಹೋದದ್ದೂ ಕಡಲ ಮೇಲೆ. ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಸಿಕ್ಕಿದ್ದು ಆ ಪ್ರಯಾಣದ ಫಲ. ಎ.ಕೆ. ರಾಮಾನುಜನ್ 1959ರ ಜುಲೈಯಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಂಡಿಯಾನಾಗೆ ಹೊರಟಾಗ ಹಡಗಿನಲ್ಲಿ ದಿನಚರಿ ಬರೆಯುತ್ತ ಹೋದರು. ಇಂದಿನವರಿಗೆ ಬರೆಯಲು ಪುರುಸೊತ್ತಾದರೂ ಎಲ್ಲಿ? ಎದುರಿನ ಸೀಟಿನ ಬೆನ್ನಿನಲ್ಲಿ ಸಿನಿಮಾ ಓಡುತ್ತಿರುತ್ತದೆ.

◆ ಇವರೆಲ್ಲರಿಗಿಂತ ನನಗೆ ಹತ್ತಿರವೆನಿಸುವುದು ಗಿರೀಶ ಕಾರ್ನಾಡರ ಕತೆ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಡುವ ತಯಾರಿ ನಡೆದಿತ್ತು. ಆ ಮನೆಯಿಂದ ಪರದೇಶಕ್ಕೆ ಹೊರಟ ಮೊದಲಿಗರು ಅವರು. ಮಗ ಅಲ್ಲೇ ಉಳಿದುಬಿಟ್ಟರೆ ಎಂಬ ಅಳುಕು ಹೆತ್ತವರಿಗೆ, ಮರಳಬೇಕೋ ಬೇಡವೋ ಎಂಬ ತೊಳಲಾಟ ಮಗನಿಗೆ. ಇಂಗ್ಲಿಷ್ ಕವಿಯಾಗುವ ಆಸೆ ಹೊತ್ತಿದ್ದ ಕಾರ್ನಾಡರು ಆ ತಳಮಳದಲ್ಲಿ, ತನಗೇ ಅಚ್ಚರಿಯಾಗುವಂತೆ, ಕನ್ನಡದಲ್ಲಿ ನಾಟಕ ಬರೆಯಲು ಕೂತರು. ಅದೇ ‘ಯಯಾತಿ’: ಅಪ್ಪನ ಮುಪ್ಪನ್ನು ಮಗ ಹೊತ್ತುಕೊಳ್ಳುವ ಕತೆ. ನಾಟಕ ಅಚ್ಚಾದದ್ದು 1961ರಲ್ಲಿ. ಓದಲು ಹೊರಟ ಮಗನ ಮೇಲೆ ಅಪ್ಪ ಅಮ್ಮಂದಿರ ನಿರೀಕ್ಷೆ ಎಷ್ಟು ಭಾರವಾಗಿ ಕೂರುತ್ತದೆಂದು ತಿಳಿಯಬೇಕಾದರೆ ಸಲಹೆಗಾರರ ಕೈಪಿಡಿಗಳಿಗಿಂತ ಆ ನಾಟಕ ಓದುವುದು ಮೇಲು.

◆ ಯು.ಆರ್. ಅನಂತಮೂರ್ತಿ ಅವರು ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌.ಡಿ.ಗೆಂದು ಹೋಗಿದ್ದಾಗ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದು ಅದಕ್ಕೆ ಕಿಡಿ ಹೊತ್ತಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ.

◆ ಏರ್ ಇಂಡಿಯಾದ ಮೊದಲ ವಿದೇಶ ಯಾನ 1948ರ ಜೂನ್ 8ರಂದು, ಮುಂಬಯಿಯಿಂದ ಲಂಡನ್ನಿಗೆ, ಕೈರೊ ಮತ್ತು ಜಿನೀವಾಗಳಲ್ಲಿ ಇಳಿದು ಹತ್ತಿ. ವಿಮಾನದ ಹೆಸರು ‘ಮಲಬಾರ್ ಪ್ರಿನ್ಸೆಸ್’. ನ್ಯೂಯಾರ್ಕಿಗೆ ಹೋಗಲು 1960ರವರೆಗೆ ಕಾಯಬೇಕಾಯಿತು.

ಮೋಡದ ಮೇಲೆ

◆ ವಿಮಾನ 38,000 ಅಡಿಯಲ್ಲಿದ್ದರೂ ನಿಮ್ಮ ದೇಹ ಇರುವುದು ಬಾಬಾಬುಡನ್‌ಗಿರಿಯ ಆಸುಪಾಸಿನಲ್ಲಿ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳ ಒಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಅಂದರೆ 6,300 ಅಡಿ ದಾಟುತ್ತದೆ. ಹಳೆಯ ವಿಮಾನಗಳಲ್ಲಿ ಇದು 8,000 ಅಡಿಯವರೆಗೆ ಏರಬಹುದು, ಊಟಿಗಿಂತಲೂ ಮೇಲೆ. ಎಲ್ಲರಿಗೂ ಏನೋ ಸುಸ್ತು, ಮಂಪರು ಹತ್ತುವುದಕ್ಕೆ ಇದೂ ಒಂದು ಕಾರಣ.

◆ ಒತ್ತಡ ಇಳಿದಾಗ ಮುಚ್ಚಿದ ಗಾಳಿ ಹಿಗ್ಗುತ್ತದೆ. ಚಿಪ್ಸ್ ಪೊಟ್ಟಣ ಉಬ್ಬುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕರುಳಿನೊಳಗಿನ ವಾಯುವೂ ಹಾಗೆಯೇ ಮೂರನೇ ಒಂದು ಪಾಲಿನಷ್ಟು ಹಿಗ್ಗಬಹುದು. ಹೊರಡುವ ಹಿಂದಿನ ರಾತ್ರಿ ಬೀಳ್ಕೊಡುಗೆಯ ಹೆಸರಿನಲ್ಲಿ ಹಿದಕವರೆ ಸಾರು, ಆಲೂಗೆಡ್ಡೆ ಬೋಂಡಾ ಮಾಡಿ ಬಡಿಸುವ ಅತ್ತೆಯಂದಿರು ಇದನ್ನು ಗಮನಿಸಬೇಕು. ಪಕ್ಕದ ಸೀಟಿನವರ ಹಿತದೃಷ್ಟಿಯಿಂದಲಾದರೂ.

◆ ಒಳಗಿನ ಗಾಳಿಯ ತೇವಾಂಶ ಶೇ 20ನ್ನು ದಾಟುವುದೇ ಅಪರೂಪ. ಮರುಭೂಮಿಗಿಂತ ಒಣ. ತುಟಿ ಬಿರಿಯುವುದು, ಕಣ್ಣು ಉರಿಯುವುದು ಅದರಿಂದ. ಲೆನ್ಸ್ ಹಾಕುವವರು ಆ ದಿನ ಕನ್ನಡಕ ಹಾಕಿಕೊಳ್ಳಲಿ.

◆ ವಿಮಾನದ ಊಟ ಸಪ್ಪೆ ಎಂದು ಅಡುಗೆಯವರನ್ನು ಬೈಯಬೇಡಿ. ಲುಫ್ತಾನ್ಸಾ ಕಂಪನಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಿಂದ ಮಾಡಿಸಿದ ಪ್ರಯೋಗದಲ್ಲಿ, ಅಂಥ ಒತ್ತಡ ಮತ್ತು ಒಣಗಾಳಿಯಲ್ಲಿ ಕೂತವರ ನಾಲಿಗೆಗೆ ಉಪ್ಪು ಶೇ 20ರಿಂದ 30, ಸಿಹಿ ಶೇ 15ರಿಂದ 20ರಷ್ಟು ಕಡಿಮೆ ತಿಳಿಯಿತು. ಎಂಜಿನ್ನಿನ ಗದ್ದಲವೂ ಸಿಹಿಯನ್ನು ಮಂಕಾಗಿಸುತ್ತದೆ. ಆದರೆ ಟೊಮೆಟೊ, ಅಣಬೆಗಳಲ್ಲಿರುವ ‘ಉಮಾಮಿ’ ರುಚಿ ಗದ್ದಲದ ನಡುವೆ ಇನ್ನಷ್ಟು ಎದ್ದು ಕಾಣುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ನೆಲದ ಮೇಲೆ ಟೊಮೆಟೊ ರಸ ಮುಟ್ಟದವರೂ ವಿಮಾನದಲ್ಲಿ ಅದನ್ನು ಕೇಳಿ ಕುಡಿಯುವುದು ಹಾಗೆ. ಈ ಲೆಕ್ಕದಲ್ಲಿ ಆಕಾಶದಲ್ಲಿ ಗೆಲ್ಲಬೇಕಾದ್ದು ನಮ್ಮ ಟೊಮೆಟೊ ಸಾರು. ಯಾವ ಕಂಪನಿಯೂ ಇನ್ನೂ ಇತ್ತ ತಲೆಹಾಕಿದಂತಿಲ್ಲ.

◆ ಕಾಫಿ ಚೆನ್ನಾಗಿರದಿರುವುದಕ್ಕೂ ಸಬೂಬು ಇದೆ. 8,000 ಅಡಿಯ ಒತ್ತಡದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ.

◆ ಸಸ್ಯಾಹಾರಿಗಳು ಟಿಕೆಟ್ ಕಾಯ್ದಿರಿಸುವಾಗ ಎಡವುವ ಜಾಗ ಒಂದಿದೆ. ‘ಹಿಂದೂ ಊಟ’ ಎಂದು ಕಂಡ ಕೂಡಲೇ ಗುರುತು ಹಾಕಬೇಡಿ. ಎಚ್‌ಎನ್‌ಎಂಎಲ್ ಎಂಬ ಆ ಸಂಕೇತದ ಊಟದಲ್ಲಿ ದನ, ಹಂದಿಯ ಮಾಂಸ ಇರುವುದಿಲ್ಲ. ಕೋಳಿ, ಕುರಿ, ಮೀನು ಇರುತ್ತದೆ. ಮಸಾಲೆ ಹಾಕಿದ ಸಸ್ಯಾಹಾರ ಬೇಕಾದವರು ಎವಿಎಂಎಲ್ ಕೇಳಬೇಕು. ಈರುಳ್ಳಿ ಬೆಳ್ಳುಳ್ಳಿ, ಗೆಡ್ಡೆಗೆಣಸು ಬೇಡವೆಂದರೆ ವಿಜೆಎಂಎಲ್, ಅಂದರೆ ಜೈನರ ಊಟ. ಇದನ್ನೆಲ್ಲ ಕನಿಷ್ಠ ಒಂದು ದಿನ ಮೊದಲು ಹೇಳಿರಬೇಕು. ಹತ್ತಿ ಕೂತ ಮೇಲೆ ಕೇಳಿದರೆ ಸಿಗುವುದು ಬನ್ನು, ಬೆಣ್ಣೆ, ಅನುಕಂಪ. ಇನ್ನೊಂದು ಲಾಭವೂ ಇದೆ: ಇಂಥ ವಿಶೇಷ ಊಟವನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ತಂದಿಡುತ್ತಾರೆ. ಅಕ್ಕಪಕ್ಕದವರು ಕಣ್ಣರಳಿಸಿ ನೋಡುವಾಗ ಉಣ್ಣುವ ಸುಖವೇ ಬೇರೆ.

◆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕೂತರೆ ಕಾಲಿನ ಒಳರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಗಾಬರಿ ಬೇಡ, ಎರಡು ಪಟ್ಟಾದರೂ ಅದು 6,000ಕ್ಕೆ ಒಬ್ಬರ ಲೆಕ್ಕ. ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ. ಕಿಟಕಿ ಪಕ್ಕದ ಸೀಟಿಗಿಂತ ಓಣಿ ಪಕ್ಕದ ಸೀಟು ಮೇಲೆನ್ನುವುದು ನನ್ನ ಅಭಿಪ್ರಾಯ. ಇಷ್ಟು ಉದ್ದದ ಯಾನದಲ್ಲಿ ಕಿಟಕಿಯಾಚೆ ಕಾಣುವುದು ಬಹುಪಾಲು ಕತ್ತಲೆ.

◆ ಒಳಗಿನ ಒತ್ತಡ ಕುಸಿದಾಗ ತಲೆಯ ಮೇಲಿಂದ ಇಳಿಬೀಳುವ ಆಮ್ಲಜನಕದ ಮುಖವಾಡಗಳಲ್ಲಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ನಿಮಿಷಕ್ಕಾಗುವಷ್ಟೇ ಆಮ್ಲಜನಕ. ಸಾಕು. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ ಇಳಿಸಿರುತ್ತಾರೆ, ಅಲ್ಲಿ ಸುಮ್ಮನೆ ಉಸಿರಾಡಬಹುದು.

◆ ಏರುವಾಗ, ಇಳಿಯುವಾಗ ದೀಪ ಮಂಕು ಮಾಡುವುದು ನಿಮಗೆ ನಿದ್ದೆ ಬರಲಿ ಎಂದಲ್ಲ. ಅವಘಡವಾಗಿ ಹೊರಗೆ ಓಡಬೇಕಾದರೆ ಕಣ್ಣು ಮೊದಲೇ ಕತ್ತಲಿಗೆ ಹೊಂದಿಕೊಂಡಿರಲಿ ಎಂದು.

◆ ಗಗನಸಖಿಯರು ನಡುರಾತ್ರಿ ಎಲ್ಲಿ ಮಾಯವಾಗುತ್ತಾರೆ? ದೂರಗಾಮಿ ವಿಮಾನಗಳಲ್ಲಿ ಸಿಬ್ಬಂದಿಗೆಂದೇ ಮಲಗುವ ಅಟ್ಟವೊಂದಿರುತ್ತದೆ. ಬೋಯಿಂಗ್ 777, 787ರಲ್ಲಿ ಅದು ನಿಮ್ಮ ತಲೆಯ ಮೇಲೆ, ಚಾವಣಿಯಾಚೆ.

ಇಳಿದ ಮೇಲೆ

◆ ವೀಸಾ ಇದ್ದ ಮಾತ್ರಕ್ಕೆ ಅಮೆರಿಕದೊಳಗೆ ಹೋಗುವ ಹಕ್ಕು ಬಂದಂತಲ್ಲ. ಬಾಗಿಲವರೆಗೆ ಹೋಗಿ ಕೇಳಿಕೊಳ್ಳುವ ಅನುಮತಿ ಅದು. ಒಳಗೆ ಬಿಡುವುದು, ಬಿಡದಿರುವುದು ಕೌಂಟರಿನಲ್ಲಿ ಕೂತ ಅಧಿಕಾರಿಗೆ ಸೇರಿದ್ದು. ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, ಪ್ರವೇಶ ಪತ್ರ, ಹಣದ ದಾಖಲೆ ಕೈಚೀಲದಲ್ಲಿರಲಿ. ಇವನ್ನು ಜೋಪಾನವಾಗಿರಲೆಂದು ದೊಡ್ಡ ಸೂಟ್‌ಕೇಸಿನ ತಳಕ್ಕೆ ಸೇರಿಸುವವರಿದ್ದಾರೆ. ಆ ಸೂಟ್‌ಕೇಸು ಕೈಗೆ ಸಿಗುವುದು ಅಧಿಕಾರಿಯನ್ನು ದಾಟಿದ ಮೇಲೆ!

◆ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿ ಆರಂಭದ ದಿನಾಂಕಕ್ಕಿಂತ 30 ದಿನಕ್ಕೂ ಮುಂಚೆ ಅಮೆರಿಕದೊಳಗೆ ಕಾಲಿಡುವಂತಿಲ್ಲ. ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಜೂನ್‌ನಲ್ಲೇ ಹೊರಡುವ ಮುನ್ನ ಐ-20ಯಲ್ಲಿರುವ ತಾರೀಕು ನೋಡಿ.

◆ ನ್ಯೂಯಾರ್ಕಿನಲ್ಲಿಳಿದು ಒಳನಾಡಿನ ಇನ್ನೊಂದು ಊರಿಗೆ ಹೋಗುವವರು ಬ್ಯಾಗು ತಾನಾಗಿ ಮುಂದೆ ಹೋಗುತ್ತದೆ ಎಂದುಕೊಂಡಿರುತ್ತಾರೆ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಸಾಮಾನ್ಯವಾಗಿ ಬ್ಯಾಗು ತೆಗೆದುಕೊಂಡು, ಸುಂಕದವರನ್ನು ದಾಟಿ, ಮತ್ತೆ ಕೊಡಬೇಕು. ಇಲ್ಲಿ ಒಂದೂವರೆ ಗಂಟೆಯ ಬಿಡುವಿನ ಟಿಕೆಟ್ ಮಾಡಿಸಿದವರ ಪಾಡು ಬೇಡ. ಅಬುಧಾಬಿಯ ಮೂಲಕ ಹೋಗುವವರಿಗೆ ಒಂದು ಅನುಕೂಲ ಇದೆ: 2014ರಿಂದ ಅಮೆರಿಕದ ಅಧಿಕಾರಿಗಳು ಅಲ್ಲಿಯೇ ಕೂತು ವಲಸೆ ತಪಾಸಣೆ ಮುಗಿಸುತ್ತಾರೆ. ಆಮೇಲೆ ಅಮೆರಿಕದಲ್ಲಿ ಇಳಿಯುವುದು ಒಳನಾಡಿನ ಪ್ರಯಾಣಿಕರಂತೆ.

◆ ಜೆಟ್‌ಲ್ಯಾಗ್ ಎಂದರೆ ಬರೀ ನಿದ್ದೆಗೆಟ್ಟದ್ದಲ್ಲ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮೆದುಳಿನಲ್ಲಿ ಸುಮಾರು 20,000 ನರಕೋಶಗಳ ಗುಂಪೊಂದಿದೆ. ದೇಹದ ಗಡಿಯಾರ ಅದು. ಅಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಹಣ್ಣುನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ 2017ರ ನೊಬೆಲ್ ಸಂದಿತು. ಈ ಗಡಿಯಾರ ದಿನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಯಷ್ಟು ಸರಿಯುತ್ತದೆ. ಜರ್ಮನಿಗೆ ಹೋದವರು ಮೂರು ನಾಲ್ಕು ದಿನದಲ್ಲಿ ಸುಧಾರಿಸಿಕೊಂಡರೆ ಕ್ಯಾಲಿಫೋರ್ನಿಯಕ್ಕೆ ಹೋದವರಿಗೆ ಹಗಲು ರಾತ್ರಿ ಅದಲುಬದಲು. ಮೊದಲ ವಾರ ಬೆಳಗಿನ ಮೂರು ಗಂಟೆಗೆ ಕಣ್ಣು ಬಿಟ್ಟು ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಮುಗಿಸುವುದು, ಮಧ್ಯಾಹ್ನದ ಪರಿಚಯ ಸಭೆಯಲ್ಲಿ ತೂಕಡಿಸುವುದು ಇದರಿಂದಲೇ. ಮದ್ದು ಬಿಟ್ಟಿ ಸಿಗುತ್ತದೆ: ಅಲ್ಲಿನ ಹಗಲಿನಲ್ಲಿ ಬಿಸಿಲಿಗೆ ಮೈಯೊಡ್ಡುವುದು.

◆ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಕ್ಯಾಲಿಫೋರ್ನಿಯಕ್ಕೂ ಹನ್ನೆರಡೂವರೆ ಗಂಟೆ ಅಂತರ. ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ಐದೂವರೆ. ದುಡ್ಡಿಲ್ಲದೆ ಸಿಕ್ಕ ಅರ್ಧ ದಿನ. ಮರಳುವಾಗ ವಸೂಲಾಗುತ್ತದೆ.

◆ ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ; ಮಾರ್ಚ್‌ನ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ಭಾರತದಲ್ಲಿ ಈ ಪದ್ಧತಿ ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದಷ್ಟು ವರ್ಷ ಇದ್ದು ಹೋಯಿತು, ಈಗಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಅಂತರ ಹದಿಮೂರೂವರೆ ಗಂಟೆಗೆ ಏರುತ್ತದೆ. ಇಲ್ಲಿ ರಾತ್ರಿ ಎಂಟಕ್ಕೆ ಊಟ ಮುಗಿಸಿ ಅಮ್ಮ ಮಾಡುವ ಫೋನು ಅಷ್ಟು ದಿನ ಅಲ್ಲಿ ಬೆಳಗ್ಗೆ ಏಳೂವರೆಗೆ ಬರುತ್ತಿದ್ದದ್ದು ಇನ್ನು ಆರೂವರೆಗೇ ಬರುತ್ತದೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟಿರಿ; ಇಲ್ಲವಾದರೆ ಮಾರ್ಚ್‌ವರೆಗೆ ಅಲಾರಂ ಇಡುವ ಅಗತ್ಯ ಬೀಳುವುದಿಲ್ಲ.